ಸದಸ್ಯತ್ವದ ರೊಕ್ಕ ವಸೂಲಾಗುವುದೆಲ್ಲಿ? ಹುಬ್ಬಳ್ಳಿಯ ಮುಂಜಾನೆ ಸಭೆಗಳು ಮತ್ತು ವಾಣಿಜ್ಯ ಸಂಸ್ಥೆ

ಹುಬ್ಬಳ್ಳಿಯ ವ್ಯಾಪಾರಸ್ಥರಿಗೆ ಸಭೆಗಳ ಬರವಿಲ್ಲ. ವಾರಕ್ಕೊಮ್ಮೆ ಹೋಟೆಲ್ ಹಾಲ್‌ನಲ್ಲಿ ಮುಂಜಾನೆ ಏಳರ ಹೊತ್ತಿಗೆ ಸೇರುವ, ಸದಸ್ಯರು ಒಬ್ಬರಿಗೊಬ್ಬರು ಗಿರಾಕಿ ಕಳಿಸಿಕೊಡುವ ರೆಫರಲ್ ಗುಂಪುಗಳುಂಟು. 1928ರಲ್ಲಿ ಹುಟ್ಟಿದ, ಜೆ.ಸಿ. ನಗರದಲ್ಲಿ ಕಚೇರಿಯಿರುವ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ ಉಂಟು. ಕೈಗಾರಿಕಾ ವಸಾಹತಿನವರಿಗೆ, ಜವಳಿಯವರಿಗೆ, ಔಷಧ ವರ್ತಕರಿಗೆ ಅವರವರ ಸಂಘಗಳುಂಟು. ಎಲ್ಲದಕ್ಕೂ ವರ್ಷದ ಶುಲ್ಕ, ಅದಕ್ಕಿಂತ ಹೆಚ್ಚಾಗಿ ಗಲ್ಲಾ ಬಿಟ್ಟು ಕೂಡಬೇಕಾದ ಹೊತ್ತು. ಆರ್ಡರ್ ಬೇಕಾದವರು ವಾಣಿಜ್ಯ ಸಂಸ್ಥೆ ಸೇರಿ 'ಧಂದಾ ಏನೂ ಬರಲಿಲ್ಲ' ಅನ್ನುತ್ತಾರೆ. ಸರ್ಕಾರಕ್ಕೆ ಮಾತು ಮುಟ್ಟಿಸಬೇಕಾದವರು ರೆಫರಲ್ ಗುಂಪಿನಲ್ಲಿ ಇಡ್ಲಿ ತಿಂದು ಬರುತ್ತಾರೆ.

ಮೊದಲು ಮುಂಜಾನೆ ಗುಂಪು. ಒಂದು ವೃತ್ತಿಗೆ ಒಬ್ಬನೇ ಸದಸ್ಯ. ಪ್ರತಿಯೊಬ್ಬರಿಗೂ ಸುಮಾರು ಒಂದು ನಿಮಿಷದ ಮಾತು. ಗೈರುಹಾಜರಿಗೆ ಲೆಕ್ಕ ಇಡುತ್ತಾರೆ, ಬದಲಿ ವ್ಯಕ್ತಿಯನ್ನು ಕಳಿಸಬೇಕಾಗುತ್ತದೆ. ಲೆಕ್ಕಪರಿಶೋಧಕರು, ವಿಮೆಯವರು, ಒಳಾಂಗಣ ವಿನ್ಯಾಸದವರು, ಛಾವಣಿ ಸೋಲಾರ್ ಹಾಕುವವರು, ಮುದ್ರಣದವರು, ಹೀಗೆ ಗಿರಾಕಿ ಪರಿಚಯದ ಮೇಲೆ ನಂಬಿ ಬರುವ ಧಂದೆಗಳಿಗೆ ಇದು ಒಗ್ಗುತ್ತದೆ. ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಎರಡೋ ಮೂರೋ ದೊಡ್ಡ ಕಂಪನಿಗಳಿಗೆ ಬಿಡಿಭಾಗ ಕೊಡುವ ಮಷಿನಿಂಗ್ ಘಟಕಕ್ಕೆ, ಅಮರಗೋಳ ಎಪಿಎಂಸಿಯ ದಲಾಲಿ ಅಂಗಡಿಗೆ ಅಲ್ಲಿ ಕೆಲಸವಿಲ್ಲ. ಅವರ ಗಿರಾಕಿ ಆ ಹಾಲ್‌ಗೆ ಬರುವುದೇ ಇಲ್ಲ.

ಕೆಡುವುದು ಒಂದು ನಿಮಿಷದ ಮಾತಿನಲ್ಲೇ. 'ನಮ್ಮಲ್ಲಿ ಎಲ್ಲ ಥರದ ಪ್ರಿಂಟಿಂಗ್ ಆಗುತ್ತದೆ' ಎಂದರೆ ಕೇಳಿದವರಿಗೆ ಯಾರ ಹೆಸರೂ ನೆನಪಾಗುವುದಿಲ್ಲ. 'ಬ್ಯಾಡಗಿಯಲ್ಲಿ ಖಾರದಪುಡಿ ಪ್ಯಾಕ್ ಮಾಡುವವರು ಯಾರಾದರೂ ಗೊತ್ತೇ? 100 ಗ್ರಾಂ ಪೌಚಿಗೆ ಲೇಬಲ್ ಮಾಡುತ್ತೇವೆ' ಎಂದರೆ ನಲವತ್ತು ಮಂದಿಯಲ್ಲಿ ಇಬ್ಬರಾದರೂ ಫೋನ್ ತೆಗೆಯುತ್ತಾರೆ. ಇನ್ನೊಂದು ಮೋಸ ಲೆಕ್ಕದ್ದು. ಗುಂಪು ಸಾರುವುದು ವಹಿವಾಟಿನ ಮೊತ್ತವನ್ನು. 5 ಲಕ್ಷದ ಕೆಲಸ ಬಂತು ಎಂದು ಚಪ್ಪಾಳೆ ಬಿದ್ದರೂ 8 ಶೇಕಡಾ ಉಳಿಯುವ ಧಂದೆಯಲ್ಲಿ ಕೈಗೆ ಬಂದದ್ದು 40 ಸಾವಿರ. ಅದರಲ್ಲಿ ಶುಲ್ಕ, ಐವತ್ತು ವಾರದ ನಾಷ್ಟಾ, ವಾರಕ್ಕೆ ಎರಡು ತಾಸು ಕಳೆಯಿರಿ. ಉಳಿದದ್ದು ಕಂಡರೆ ನವೀಕರಿಸಿ. ಈ ಸೇವೆಯ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದೇನಿಲ್ಲ.

ವಾಣಿಜ್ಯ ಸಂಸ್ಥೆಯ ಕಥೆ ಬೇರೆ. ಅದನ್ನು ಸನ್ಮಾನ, ಭೋಜನಕೂಟದಿಂದ ಅಳೆಯಬಾರದು. ಯಾವ ವಾಣಿಜ್ಯ ಸಂಸ್ಥೆಯನ್ನಾಗಲಿ ಸೇರುವ ಮುನ್ನ ಕೇಳಬೇಕಾದದ್ದು ಇಷ್ಟು: ವಿದ್ಯುತ್, ಜಿಎಸ್‌ಟಿ, ಎಪಿಎಂಸಿ, ರೈಲ್ವೆ ವಿಷಯಕ್ಕೆ ಉಪಸಮಿತಿ ಇದೆಯೇ, ಕಳೆದ ಸಲ ಯಾವಾಗ ಕೂಡಿತ್ತು, ಬರವಣಿಗೆಯಲ್ಲಿ ಏನು ಸಲ್ಲಿಸಿತು? ಮೂರನೆಯದಕ್ಕೆ ಪ್ರತಿ ತೋರಿಸಿದರೆ ಶುಲ್ಕ ಕಟ್ಟಿ. ಸಚಿವರಿಗೆ ಹೂಗುಚ್ಛ ಕೊಡುತ್ತಿರುವ ಫೋಟೊ ತೋರಿಸಿದರೆ ಇನ್ನೊಮ್ಮೆ ಯೋಚಿಸಿ.

2023ರ ವಿದ್ಯುತ್ ದರದ ಗದ್ದಲ ಇದಕ್ಕೆ ತಕ್ಕ ಪಾಠ. ಆ ವರ್ಷ ಮೇ 12ರಂದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಯೂನಿಟ್‌ಗೆ ಸರಾಸರಿ 70 ಪೈಸೆ ಏರಿಸಿತು, ಅದೂ ಏಪ್ರಿಲ್ 1ರಿಂದಲೇ ಲೆಕ್ಕ ಹಿಡಿದು. ಜೂನ್ ಬಿಲ್ಲಿನಲ್ಲಿ ಬಾಕಿಯೂ ಸೇರಿ ಬಂದಾಗ ಹುಬ್ಬಳ್ಳಿಯ ವಾಣಿಜ್ಯೋದ್ಯಮ ಸಂಸ್ಥೆ ಜೂನ್ 22ಕ್ಕೆ ಬಂದ್ ಕರೆ ಕೊಟ್ಟಿತು. ಸುದ್ದಿ ದೊಡ್ಡದಾಯಿತು. ಆದರೆ ದರ ನಿಗದಿಪಡಿಸುವುದು ಆಯೋಗ, 2003ರ ವಿದ್ಯುಚ್ಛಕ್ತಿ ಕಾಯ್ದೆಯ ಪ್ರಕಾರ. ಸರ್ಕಾರದ ಕೈಯಲ್ಲಿ ನೇರವಾಗಿ ಇದ್ದದ್ದು ಬಿಲ್ಲಿನ ಮೇಲಿನ 9 ಶೇಕಡಾ ತೆರಿಗೆ. ಬಿಲ್ ಬರೆಯುವುದು, ಲೈನ್ ನೋಡಿಕೊಳ್ಳುವುದು ನವನಗರದಲ್ಲಿ ಕುಳಿತ ವಿದ್ಯುತ್ ಸರಬರಾಜು ಕಂಪನಿ ಹೆಸ್ಕಾಂ. ಮೂರು ಮನೆ, ಮೂರು ಬಾಗಿಲು. ಒಂದೇ ಮನವಿಯಲ್ಲಿ ಮೂರನ್ನೂ ಕಲಸಿ ಜಿಲ್ಲಾಧಿಕಾರಿಗೆ ಕೊಟ್ಟರೆ ಅದು 'ಮುಂದಿನ ಕ್ರಮಕ್ಕಾಗಿ' ಎಂದು ಊರು ಸುತ್ತುತ್ತದೆ.

ಬೀದಿಗಿಳಿಯುವ ಮುನ್ನ ಮಾತಾಡುವ ಜಾಗ ಒಂದಿದೆ, ಅಲ್ಲಿಗೆ ಹೋಗುವವರು ಕಡಿಮೆ. ಹೆಸ್ಕಾಂ ದರ ಪರಿಷ್ಕರಣೆಯ ಅರ್ಜಿ ಹಾಕಿದಾಗ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ. ಅದರಲ್ಲಿ ಹೇಳಿದ ದಿನಗಳೊಳಗೆ ಆಕ್ಷೇಪಣೆಯನ್ನು ಪ್ರಮಾಣಪತ್ರದ ಜತೆ ಆಯೋಗಕ್ಕೆ ಕೊಟ್ಟು, ಪ್ರತಿಯನ್ನು ಹೆಸ್ಕಾಂಗೂ ಮುಟ್ಟಿಸಬೇಕು. ಆಮೇಲೆ ಸಾರ್ವಜನಿಕ ವಿಚಾರಣೆ. ಅಲ್ಲಿ ಸಿಗುವುದು ಕೆಲವೇ ನಿಮಿಷ, ಹಾಗಾಗಿ ಭಾಷಣ ಮನೆಯಲ್ಲೇ ಬಿಟ್ಟು ಬರಬೇಕು. ಒಯ್ಯಬೇಕಾದದ್ದು ಹನ್ನೆರಡು ತಿಂಗಳ ಬಿಲ್ಲುಗಳ ಒಂದು ಕೋಷ್ಟಕ: ಮಂಜೂರಾದ ಬೇಡಿಕೆ (ಒಮ್ಮೆಲೇ ಎಳೆಯಬಹುದಾದ ವಿದ್ಯುತ್ತು) ಎಷ್ಟು ಕೆವಿಎ, ಮೀಟರ್ ದಾಖಲಿಸಿದ ಗರಿಷ್ಠ ಬೇಡಿಕೆ ಎಷ್ಟು, ನಿಗದಿತ ಶುಲ್ಕ ಎಷ್ಟು, ಬಳಸಿದ ಯೂನಿಟ್ ಎಷ್ಟು. ಜತೆಗೆ ಕರೆಂಟ್ ಹೋದ ದಿನಾಂಕ, ನಿಮಿಷ, ಆ ಹೊತ್ತು ಹಾಳಾದ ಮಾಲು. ಫರ್ನೇಸ್ ಇರುವ ಫೌಂಡ್ರಿಗೆ ಹತ್ತು ನಿಮಿಷದ ಕಡಿತವೂ ದುಬಾರಿ, ಆದರೆ ಬರೆದಿಡದ ಕಡಿತಕ್ಕೆ ಹೆಸ್ಕಾಂನ ಉತ್ತರ ಸುಲಭ: ಅಂಥದ್ದೇನೂ ಆಗಿಲ್ಲ.

ಆಯೋಗದ ದರ ಆದೇಶದಲ್ಲಿ ಆಕ್ಷೇಪಣೆ, ಅದಕ್ಕೆ ಕಂಪನಿಯ ಉತ್ತರ, ಆಯೋಗದ ಅಭಿಪ್ರಾಯ ಎಲ್ಲವೂ ಅಚ್ಚಾಗುತ್ತವೆ. ನಿಮ್ಮ ಸಂಸ್ಥೆ ಕೆಲಸ ಮಾಡಿದೆಯೋ ಇಲ್ಲವೋ ನೋಡಲು ವಾರ್ಷಿಕ ವರದಿ ಬೇಡ. ಆ ಪುಟಗಳಲ್ಲಿ ಅದರ ಹೆಸರು ಹುಡುಕಿ. ಹೆಸರಿನ ಮುಂದೆ ಅಂಕಿ ಇದೆಯೇ ಅಥವಾ 'ದರ ಏರಿಕೆ ಕೈಬಿಡಬೇಕು' ಎಂಬ ಒಂದು ಸಾಲೇ? ಇದಕ್ಕಿಂತ ಖಚಿತ ಪರೀಕ್ಷೆ ಸಿಗದು. ಗದಗ, ಹಾವೇರಿಯ ಸಂಘಗಳಿಗೂ ಇದೇ ಅನ್ವಯ. ಎರಡೂ ಜಿಲ್ಲೆ ಹೆಸ್ಕಾಂ ವ್ಯಾಪ್ತಿಯವೇ.

ಇಂಥ ಸಂಸ್ಥೆಗಳು ಏರ್ಪಡಿಸುವ ಉಪನ್ಯಾಸಗಳ ಗುಣಮಟ್ಟ ಏರುಪೇರು. ಸಣ್ಣ ಉದ್ಯಮಗಳಿಗೆ ಗಿರಾಕಿ ಹಣ ಕೊಡಬೇಕಾದ ಗಡುವಿನ, ಅಂದರೆ ವಿಳಂಬ ಪಾವತಿಯ 45 ದಿನದ ನಿಯಮದ ಬಗ್ಗೆ ಇತ್ತೀಚೆಗೆ ಎಲ್ಲೆಡೆ ಕಾರ್ಯಕ್ರಮ. ಒಳ್ಳೆಯ ಉಪನ್ಯಾಸಕರನ್ನು ಗುರುತಿಸಲು ಎರಡು ಅಂಶ ಸಾಕು. ಲಿಖಿತ ಒಪ್ಪಂದವಿಲ್ಲದಿದ್ದರೆ ಗಡುವು 15 ದಿನ, ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ ಎಂದು ಬಿಡಿಸಿ ಹೇಳಬೇಕು. ವರ್ತಕರಿಗೆ 2021ರಿಂದ ಉದ್ಯಮ್ ಎಂಬ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ ಸಿಕ್ಕಿರುವುದು ಬ್ಯಾಂಕಿನ ಆದ್ಯತಾ ಸಾಲದ ಮಟ್ಟಿಗೆ ಮಾತ್ರ, ಈ ರಕ್ಷಣೆ ತಯಾರಕರಿಗೆ ಮತ್ತು ಸೇವೆ ಕೊಡುವವರಿಗೆ ಎಂದೂ ಹೇಳಬೇಕು. ದಾಜಿಬಾನ ಪೇಟೆಯ ಜವಳಿ ವರ್ತಕರಿಗೆ 'ಉದ್ಯಮ್ ಮಾಡಿಸಿ, ಬಾಕಿ ತಾನಾಗಿ ಬರುತ್ತದೆ' ಎನ್ನುವವರ ಸಭೆಯಿಂದ ಎದ್ದು ಬರಬಹುದು.

ಹೂಡಿಕೆ ಸಮಾವೇಶಗಳ ಮಾತು ಚುಟುಕಾಗಿ. 2020ರ ಫೆಬ್ರುವರಿ 14ರಂದು ಹುಬ್ಬಳ್ಳಿಯಲ್ಲೇ ಇನ್ವೆಸ್ಟ್ ಕರ್ನಾಟಕ ನಡೆಯಿತು; 2025ರದ್ದು ಬೆಂಗಳೂರಿನಲ್ಲಿ, ಅಲ್ಲೇ 2025-30ರ ಕೈಗಾರಿಕಾ ನೀತಿ ಹೊರಬಂತು. ನೋಡಲು ಚೆಂದ. ಒಡಂಬಡಿಕೆಗೆ ಸಹಿ ಬಿದ್ದರೆ ನಿವೇಶನ ಹಂಚಿಕೆಯಾದಂತಲ್ಲ, ಸಹಾಯಧನ ಮಂಜೂರಾದಂತೆಯೂ ಅಲ್ಲ. 15 ಕೋಟಿವರೆಗಿನ ಯೋಜನೆಗೆ ದಾರಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಏಕಗವಾಕ್ಷಿ ಸಮಿತಿ. ಅಲ್ಲಿ ಕೇಳುವುದು ಯೋಜನಾ ವರದಿ, ಯಂತ್ರಗಳ ಪಟ್ಟಿ, ಎಷ್ಟು ಜಾಗ, ಎಷ್ಟು ಕೆವಿಎ, ದಿನಕ್ಕೆ ಎಷ್ಟು ನೀರು. ಜಾಗವನ್ನು ಜಾಸ್ತಿ ಕೇಳಿ, ಕಟ್ಟಡದ ನಕ್ಷೆಯಲ್ಲಿ ಅರ್ಧ ಖಾಲಿ ತೋರಿಸಿದರೆ ಪ್ರಶ್ನೆ ಬಂದೇ ಬರುತ್ತದೆ.

ಬಜೆಟ್ ಮನವಿಯ ಹೊತ್ತು ತಪ್ಪುವುದು ಪ್ರತಿವರ್ಷದ ರೋಗ. ರಾಜ್ಯ ಬಜೆಟ್ ಸಾಮಾನ್ಯವಾಗಿ ಫೆಬ್ರುವರಿ ಅಥವಾ ಮಾರ್ಚ್‌ನಲ್ಲಿ. ಇಲಾಖೆಗಳ ಲೆಕ್ಕ ಅದಕ್ಕೂ ಮೊದಲೇ ಕೂಡಿರುತ್ತದೆ, ಆದ್ದರಿಂದ ಡಿಸೆಂಬರ್ ಒಳಗೆ ಉಪಸಮಿತಿಗೆ ಒಂದು ಪುಟ ಕೊಡಿ: ಒಂದೇ ಬೇಡಿಕೆ, ಯಾವ ಇಲಾಖೆ, ಯಾವ ಆದೇಶ ತಿದ್ದಬೇಕು, ಎಷ್ಟು ಘಟಕಗಳಿಗೆ ಅನುಕೂಲ, ಖಜಾನೆಗೆ ಎಷ್ಟು ಭಾರ. ಜಿಎಸ್‌ಟಿ ದರವನ್ನು ಮಾತ್ರ ಈ ಪುಟದಲ್ಲಿ ತುರುಕಬೇಡಿ, ಅದು ಜಿಎಸ್‌ಟಿ ಮಂಡಳಿಯ ಕೆಲಸ. ರಾಜ್ಯ ಬಜೆಟ್‌ನಿಂದ ಅದು ಬದಲಾಗದು. ಬಜೆಟ್ ಮಂಡನೆಯಾದ ಮರುದಿನ ನಡೆಯುವ ವಿಶ್ಲೇಷಣಾ ಸಭೆಗೂ ಹೋಗಿ ಬನ್ನಿ, ಊಟ ಚೆನ್ನಾಗಿರುತ್ತದೆ.