ಇಂಗ್ಲಿಷ್ ಮೇಷ್ಟರ ಮೇಜಿನ ಮೇಲಿರಬೇಕಾದ ನಿಘಂಟು: ಕನ್ಸೈಸ್ ಆಕ್ಸ್‌ಫರ್ಡ್

ತೀರ್ಥಹಳ್ಳಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಕಲಿಸುವ ನನಗೆ ಪ್ರತಿ ತರಗತಿಯಲ್ಲೂ ಎದುರಾಗುವ ಪ್ರಶ್ನೆಯೊಂದಿದೆ: ‘ಗೋ’ ಕ್ರಿಯಾಪದದ ಭೂತಕಾಲ ‘ವೆಂಟ್’ ಆದದ್ದೇಕೆ? ಬಾಯಿಪಾಠ ಮಾಡಿ ಎಂದು ಮಕ್ಕಳ ಬಾಯಿ ಮುಚ್ಚಿಸದೆ ಉತ್ತರ ಹೇಳಬಯಸುವ ಶಿಕ್ಷಕರಿಗೆ ಕನ್ಸೈಸ್ ಆಕ್ಸ್‌ಫರ್ಡ್ ನಿಘಂಟಿನ ಹನ್ನೆರಡನೆಯ ಆವೃತ್ತಿಯನ್ನು ಕೊಳ್ಳಿರೆಂದು ಧಾರಾಳವಾಗಿ ಹೇಳುತ್ತೇನೆ. ಫೌಲರ್ ಸಹೋದರರ 1911ರ ಮೊದಲ ಆವೃತ್ತಿಗೆ ನೂರು ವರ್ಷ ತುಂಬಿದಾಗ, 2011ರಲ್ಲಿ ಇದು ಹೊರಬಂದಿತು.

ಪದದ ಅರ್ಥಗಳೆಲ್ಲ ಮುಗಿದ ಮೇಲೆ ಅದರ ಮೂಲವನ್ನು ಒಂದೆರಡು ಸಾಲಿನಲ್ಲಿ ಕೊಡುವುದೇ ಈ ನಿಘಂಟಿನ ದೊಡ್ಡ ಉಪಕಾರ. ‘ಗೋ’ ಪದದ ಕೆಳಗೆ, ‘ವೆಂಟ್’ ಮೂಲತಃ ‘ವೆಂಡ್’ ಎಂಬ ಬೇರೆಯದೇ ಕ್ರಿಯಾಪದದ ಭೂತಕಾಲವೆಂಬ ವಿವರಣೆಯಿದೆ. ‘ವೆಂಡ್’ ಹುಡುಕಿದರೆ, ತಿರುಗು, ಹೊರಡು ಎಂಬರ್ಥದ ಹಳೆಯ ಇಂಗ್ಲಿಷಿನ ‘ವೆಂಡನ್’ ಸಿಗುತ್ತದೆ. ಸುತ್ತು ಎಂಬರ್ಥದ ‘ವೈಂಡ್’, ಅಲೆದಾಡು ಎಂಬರ್ಥದ ‘ವಾಂಡರ್’ ಅದರ ಬಳಗದವೇ. ಕರಿಹಲಗೆಯ ಮೇಲೆ ಸೆಂಡ್–ಸೆಂಟ್, ಬೆಂಡ್–ಬೆಂಟ್, ಲೆಂಡ್–ಲೆಂಟ್ ಎಂದು ಕೆಳಕೆಳಗೆ ಬರೆದು ಕೊನೆಗೆ ವೆಂಡ್–ವೆಂಟ್ ಸೇರಿಸಿದರೆ, ಮಕ್ಕಳಿಗೆ ಬೇರೆ ವಿವರಣೆಯೇ ಬೇಕಾಗುವುದಿಲ್ಲ. ಈಗ ‘ವೆಂಡ್’ ಬಹುಮಟ್ಟಿಗೆ ‘ವೆಂಡ್ ಒನ್ಸ್ ವೇ’ ಎಂಬ ನುಡಿಗಟ್ಟಿನಲ್ಲಿ ಮಾತ್ರ ಉಳಿದಿದೆ. ಬಳಸುದಾರಿಯಲ್ಲಿ ನಿಧಾನವಾಗಿ ಸಾಗುವುದೆಂದು ಅದರರ್ಥ. ಆಗುಂಬೆ ಘಾಟಿ ಏರುವ ಬಸ್ಸಿಗೆ ಚೆನ್ನಾಗಿ ಒಪ್ಪುತ್ತದೆ. ತನ್ನ ‘ವೆಂಟ್’ ಕೈಬಿಟ್ಟುಹೋದ ಮೇಲೆ ಅದಕ್ಕೆ ‘ವೆಂಡೆಡ್’ ಎಂಬ ಹೊಸ ಭೂತಕಾಲ ಬಂದಿತು. ಹಳಗನ್ನಡದ ‘ಪೋಗು’ ನಮ್ಮ ಬಾಯಲ್ಲಿ ‘ಹೋಗು’ ಆದಾಗ ‘ಪೋದಂ’ ಕೂಡ ಜೊತೆಜೊತೆಗೇ ‘ಹೋದನು’ ಆಯಿತು. ಇಂಗ್ಲಿಷಿನಲ್ಲಿ ಆ ಕೊಂಡಿ ಕಳಚಿತೆಂಬುದನ್ನು ಹೋಲಿಸಿ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಆದರೆ ಇಸವಿ ಸಮೇತ ಹಳೆಯ ಪ್ರಯೋಗಗಳನ್ನು ಇದರಲ್ಲಿ ಹುಡುಕಬಾರದು. ‘ಗೋ’ಗೆ ಮೊದಲಿದ್ದ ‘ಎಯೊಡೆ’ ಎಂಬ ಭೂತಕಾಲ ಕ್ರಮೇಣ ಮರೆಯಾಗಿ, ಸುಮಾರು 1500ರ ಹೊತ್ತಿಗೆ ‘ವೆಂಟ್’ ಅಲ್ಲಿ ನೆಲೆಯೂರಿದ್ದನ್ನು ಪ್ರಯೋಗಗಳೊಡನೆ ಅರಿಯಲು, 1884ರಿಂದ 1928ರವರೆಗೆ ಕಂತುಕಂತಾಗಿ ಪ್ರಕಟವಾದ, 1989ರ ಎರಡನೆಯ ಆವೃತ್ತಿಯಲ್ಲಿ 20 ಸಂಪುಟಗಳಾಗಿ ಬೆಳೆದ ಆಕ್ಸ್‌ಫರ್ಡ್ ಮಹಾನಿಘಂಟನ್ನೇ ನೋಡಬೇಕು. ಅದನ್ನು ಮನೆಯಲ್ಲಿಟ್ಟುಕೊಳ್ಳುವುದು ನಮ್ಮಂಥವರಿಗೆ ಆಗದ ಮಾತು.

ಮೂಲದ ಟಿಪ್ಪಣಿಗಳಲ್ಲಿನ ಸಂಕ್ಷೇಪಾಕ್ಷರಗಳು ರೂಢಿಯಾಗಲು ಸ್ವಲ್ಪ ಸಮಯ ಹಿಡಿಯುತ್ತದೆ, ಅಕ್ಷರಗಳೂ ಸಣ್ಣವು. ಆಷಾಢದ ಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋಗುವ ಊರುಗಳಲ್ಲಿ ಮುದ್ರಿತ ನಿಘಂಟಿನ ಬೆಲೆ ಬೇರೆಯೇ. ಕನ್ನಡದ ಅರ್ಥವೂ ಬೇಕೆನ್ನುವವರು ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟನ್ನು ಇದರ ಪಕ್ಕದಲ್ಲಿಟ್ಟುಕೊಳ್ಳಲಿ.