ಆರು ವರ್ಷ ಬಳಸಿದ ಮಲ್ಟಿಮೀಟರ್ ಬಗ್ಗೆ, ಕ್ಯಾತ್ಸಂದ್ರದಿಂದ

ಬೆಳಗಿನ ರೈಲು ಹತ್ತಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯಲ್ಲಿ, ವೋಲ್ಟೇಜ್, ಕರೆಂಟ್ ಎಲ್ಲ ಅಳೆಯುವ ಈ ಮೀಟರ್ ತಂದು ಆರು ವರ್ಷ ಆಯಿತು. ಕೊಟ್ಟದ್ದು ಸುಮಾರು ಎರಡು ಸಾವಿರ. ಆಟೋ ರೇಂಜ್ (ಅಳತೆಯ ಮಿತಿ ತಾನೇ ಆರಿಸಿಕೊಳ್ಳುತ್ತದೆ), 10 ಮೆಗಾ ಓಮ್ ಇನ್‌ಪುಟ್ (ಅಳೆಯುವಾಗ ತಾನು ಎಳೆಯುವ ಕರೆಂಟ್ ತೀರಾ ಕಡಿಮೆ), ಎರಡೂ ಕರೆಂಟ್ ಸಾಕೆಟ್‌ಗೆ ಸೆರಾಮಿಕ್ ಫ್ಯೂಸ್. ಈ ಫ್ಯೂಸ್ ನೋಡಿಯೇ ತಗೊಂಡೆ.

ಮೊದಲು ನನ್ನ ಹತ್ತಿರ ಇದ್ದದ್ದು 830 ಎಂಬ ಮಾದರಿಯ ಹಳದಿ ಮೀಟರ್. ಎಲ್ಲ ಅಂಗಡಿಯಲ್ಲೂ ನೇತು ಹಾಕಿರುತ್ತಾರಲ್ಲ, ಅದೇ. ಒಂದು ದಿನ 12 ವೋಲ್ಟ್ ಬ್ಯಾಟರಿ ಅಳೆದರೆ 15 ತೋರಿಸಿತು. ಚಾರ್ಜರ್ ಕೆಟ್ಟಿದೆ ಅಂದುಕೊಂಡು ಅದನ್ನು ಬಿಚ್ಚಿ ಅರ್ಧ ದಿನ ಕೂತೆ. ಚಾರ್ಜರ್ ಚೆನ್ನಾಗಿಯೇ ಇತ್ತು. ಮೀಟರ್ ಒಳಗಿನ 9 ವೋಲ್ಟ್ ಬ್ಯಾಟರಿ ಸೊರಗಿತ್ತು. ಆ ಮಾದರಿಯಲ್ಲಿ ಬ್ಯಾಟರಿ ಇಳಿದರೆ ಅಂಕಿ ಏರುತ್ತದೆ. ಅದರ 10 ಆಂಪಿಯರ್ ಸಾಕೆಟ್‌ಗೆ ಫ್ಯೂಸೇ ಇರಲಿಲ್ಲ. ಕೆಂಪು ಪಿನ್ ಅಲ್ಲೇ ಮರೆತು 230 ವೋಲ್ಟ್ ಮುಟ್ಟಿದರೆ ನೇರ ಶಾರ್ಟ್. ಮನೆಯ ಕರೆಂಟ್ ಅಳೆಯಲು ಅದನ್ನು ಯಾರಿಗೂ ಕೊಡಬೇಡಿ.

ಹೊಸದರಲ್ಲಿ ಜಾಸ್ತಿ ಬಳಸುವುದು ಬೀಪ್, ಅಂದರೆ ಎರಡು ಜಾಗ ಒಂದಕ್ಕೊಂದು ಸೇರಿದ್ದರೆ ಶಬ್ದ ಮಾಡುವ ಸೌಲಭ್ಯ. ಮುಟ್ಟಿದ ಕ್ಷಣವೇ ಕೂಗುತ್ತದೆ. ಹಾಗಾಗಿ ಐಸಿಯ (ಚಿಪ್‌ನ) ಕಾಲುಗಳ ಮೇಲೆ ಪ್ರೋಬ್ (ಮೀಟರ್ ವೈರಿನ ಮೊನೆ) ಸರ್ರನೆ ಎಳೆದರೂ ಎಲ್ಲಿ ಬೆಸುಗೆ ಅಂಟಿಕೊಂಡಿದೆ ಎಂದು ಕಿವಿಗೇ ಗೊತ್ತಾಗುತ್ತದೆ, ಕಣ್ಣು ಬೋರ್ಡ್ ಬಿಟ್ಟು ಏಳಬೇಕಿಲ್ಲ. ಅಂಗಡಿಯಲ್ಲಿ ಬೇರೇನೂ ನೋಡದಿದ್ದರೂ ಇದನ್ನೊಂದು ಕೇಳಿ ನೋಡಿ.

ಕುಂದೂ ಇದೆ. ಪಕ್ಕದ ಮನೆಯಲ್ಲಿ ಸ್ವಿಚ್ ಆಫ್ ಮಾಡಿದ ತಂತಿಯಲ್ಲೂ 70 ವೋಲ್ಟ್ ತೋರಿಸಿತು. ಅಕ್ಕಪಕ್ಕದ ತಂತಿಯಿಂದ ಬಂದ ಸುಳ್ಳು ವೋಲ್ಟೇಜ್ ಅದು. 10 ಮೆಗಾ ಓಮ್ ಮೀಟರ್ ಕರೆಂಟನ್ನೇ ಎಳೆಯದಷ್ಟು ಕಡಿಮೆ ಎಳೆಯುವುದರಿಂದ ಹೀಗೆ ಆಗುತ್ತದೆ. ಅಳೆಯುವ ಎರಡು ತಂತಿಗಳ ನಡುವೆ ಹಳೆಯ ಬಲ್ಬ್ ಒಂದನ್ನು ಹಾಕಿ ಅಳೆದಾಗ ಸೊನ್ನೆಗೆ ಇಳಿಯಿತು.

ಎರಡನೇ ವರ್ಷ ಕೆಂಪು ವೈರ್ ಪಿನ್ನಿನ ಬುಡದಲ್ಲಿ ಬಿರುಕು ಬಿಟ್ಟು ತಾಮ್ರ ಕಾಣಿಸಿತು. ಅವತ್ತೇ ಎಸೆದು ಸಿಲಿಕೋನ್ ರಬ್ಬರ್ ಹೊದಿಕೆಯ ವೈರ್ ತಂದೆ. ಚಳಿಯಲ್ಲೂ ಮೆತ್ತಗಿರುತ್ತದೆ, ಕಾವಿಗೆ ತಗುಲಿದರೂ ಕರಗುವುದಿಲ್ಲ.

ಮೀಟರ್ ಆದ ಮೇಲೆ ಮುಂದಿನದು ಆಸಿಲೋಸ್ಕೋಪಾ (ವೋಲ್ಟೇಜಿನ ಏರಿಳಿತವನ್ನು ತೆರೆಯ ಮೇಲೆ ಗೆರೆಯಾಗಿ ತೋರಿಸುವ ಸಾಧನ) ಎಂದು ಹುಡುಗರು ಕೇಳುತ್ತಾರೆ. ನಾನಂತೂ ಕರೆಂಟ್ ಲಿಮಿಟ್ (ಇಷ್ಟಕ್ಕಿಂತ ಹೆಚ್ಚು ಕರೆಂಟ್ ಹರಿಯದಂತೆ ಕಟ್ಟಿಡುವ ಮಿತಿ) ಇರುವ ಪವರ್ ಸಪ್ಲೈ ಮೊದಲು ತಗೊಳ್ಳಿ ಎನ್ನುತ್ತೇನೆ. ಹೊಸ ಬೋರ್ಡಿಗೆ 50 ಮಿಲಿಆಂಪಿಯರ್‌ಗೆ ಕಟ್ಟಿಟ್ಟು ಆನ್ ಮಾಡುತ್ತೇನೆ. ಹೋದ ತಿಂಗಳು ಡಯೋಡ್ ತಿರುಗಿಸಿ ಹಾಕಿದ್ದೆ. ವೋಲ್ಟೇಜ್ ಸುಮ್ನೆ ಕುಸಿಯಿತು, ಏನೂ ಸುಡಲಿಲ್ಲ. ಡಯೋಡ್ ಬಿಚ್ಚಿ ಸರಿಯಾಗಿ ಹಾಕಿದೆ, ಅದೇ ಬೋರ್ಡ್ ಈಗ ನಮ್ಮ ತೊಟ್ಟಿಯ ನೀರಿನ ಮಟ್ಟ ತೋರಿಸುತ್ತಿದೆ.