ಮನೆ ರೆಕಾರ್ಡಿಂಗ್‌ಗೆ ಒಂದೇ ಮೈಕ್ ಕೊಳ್ಳುವುದಾದರೆ: ಎಸ್‌ಎಂ57, ಎಟಿ2020, ಎನ್‌ಟಿ1-ಎ ಹೋಲಿಕೆ

ಹಾಡು, ಗಿಟಾರ್, ಕೊಳಲು, ಹಾರ್ಮೋನಿಯಂ, ತಬಲ ಎಲ್ಲಕ್ಕೂ ಒಂದೇ ಮೈಕ್ ಸಾಲಬೇಕು, ಬೆಲೆಯೂ ಕೈಗೆಟುಕಬೇಕು ಎಂದು ಹುಡುಕಲು ಹೊರಟರೆ ಮೂರು ಹೆಸರು ಮತ್ತೆ ಮತ್ತೆ ಎದುರಾಗುತ್ತವೆ: ಶೂರ್ ಎಸ್‌ಎಂ57, ಆಡಿಯೋ-ಟೆಕ್ನಿಕಾ ಎಟಿ2020, ರೋಡ್ ಎನ್‌ಟಿ1-ಎ. ಮೊದಲನೆಯದು ಡೈನಾಮಿಕ್ (ಹೊರಗಿನ ವಿದ್ಯುತ್ ಬೇಡದ ಬಗೆ), 1965ರಲ್ಲಿ ಬಂದದ್ದು, ಇಂದಿಗೂ ಬಳಕೆಯಲ್ಲಿದೆ. ಉಳಿದೆರಡು ಕಂಡೆನ್ಸರ್, ಅಂದರೆ ಒಳಗೇ ಸರ್ಕ್ಯೂಟ್ ಇರುವಂಥವು; ಮೈಕ್ ಕೇಬಲ್‌ನಲ್ಲೇ ಹರಿದುಬರುವ ವಿದ್ಯುತ್ (ಫ್ಯಾಂಟಮ್ ಪವರ್) ಇಲ್ಲದೆ ಕೆಲಸ ಮಾಡವು. ಮೂರೂ ಕಾರ್ಡಿಯಾಯ್ಡ್, ಅಂದರೆ ಮುಂದಿನದ್ದನ್ನು ಚೆನ್ನಾಗಿ, ಹಿಂದಿನದ್ದನ್ನು ತೀರಾ ಕಡಿಮೆ ಕೇಳಿಸಿಕೊಳ್ಳುತ್ತವೆ. ಎನ್‌ಟಿ1-ಎ ಉಳಿದೆರಡಕ್ಕಿಂತ ದುಬಾರಿ. ಆದರೆ ಅದರ ಡಬ್ಬಿಯಲ್ಲೇ ಶಾಕ್ ಮೌಂಟ್ (ಕಂಪನ ತಡೆಯುವ ಹಿಡಿಕೆ), ಪಾಪ್ ಫಿಲ್ಟರ್ (ಬಾಯಿಯ ಗಾಳಿ ತಡೆಯುವ ಪರದೆ) ಇರುತ್ತವೆ. ಉಳಿದೆರಡಕ್ಕೆ ಪಾಪ್ ಫಿಲ್ಟರ್ ಬೇರೆಯಾಗಿ ಕೊಳ್ಳಬೇಕು. ಆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಮೈಕ್‌ಗಳನ್ನು ಹೋಲಿಸುವಾಗ ಹೆಚ್ಚಿನವರು ಎಡವುವುದು ಶಬ್ದದ ಮಟ್ಟದಲ್ಲಿ. ಒಂದು ಡೆಸಿಬೆಲ್ ಜೋರಾಗಿ ಕೇಳಿಸಿದ್ದೇ ಕಿವಿಗೆ "ಉತ್ತಮ" ಅನ್ನಿಸಿಬಿಡುತ್ತದೆ. ಹಾಗಾಗಿ ಮೈಕ್‌ಗಳ ತಲೆಗಳನ್ನು ಒತ್ತಟ್ಟಿಗೆ ತಂದು, ಬಾಯಿಂದ ಒಂದೇ ದೂರದಲ್ಲಿ ನಿಲ್ಲಿಸಿ, ಒಂದೇ ಹಾಡಿಕೆಯನ್ನು ಎಲ್ಲದರಲ್ಲೂ ಏಕಕಾಲಕ್ಕೆ ದಾಖಲಿಸಬೇಕು. ಎರಡೇ ಚಾನೆಲ್‌ನ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) ಇದ್ದರೆ ಎರಡೆರಡನ್ನೇ ಜೋಡಿ ಮಾಡಿ. ಆಮೇಲೆ ಒಂದೇ ಸಮನಾದ ಸ್ವರ ಹಿಡಿದು, ಟ್ರ್ಯಾಕ್‌ಗಳ ಮಟ್ಟವನ್ನು ಅರ್ಧ ಡೆಸಿಬೆಲ್ ವ್ಯತ್ಯಾಸದೊಳಗೆ ಸರಿದೂಗಿಸಿ. ಇಷ್ಟು ಮಾಡಿ ಕೇಳಿದರೆ ಮೂರರ ನಡುವಿನ ಅಂತರ ಜಾಹೀರಾತುಗಳು ಹೇಳುವುದಕ್ಕಿಂತ ಬಹಳ ಕಡಿಮೆ ಎಂದು ಗೊತ್ತಾಗುತ್ತದೆ. ಉಳಿಯುವ ಅಂತರ ಮಾತ್ರ ನಿಜವಾದದ್ದು.

ಮೊದಲು ಸುಯ್ಯೆನ್ನುವ ಹಿನ್ನೆಲೆ ಸದ್ದಿನ ವಿಚಾರ. 94 ಡೆಸಿಬೆಲ್ ಶಬ್ದಕ್ಕೆ ಎಸ್‌ಎಂ57 ಕೊಡುವುದು ಸುಮಾರು 1.6 ಮಿಲಿವೋಲ್ಟ್, ಎಟಿ2020 ಸುಮಾರು 14, ಎನ್‌ಟಿ1-ಎ 25. ಅಂದರೆ ಅದೇ ಮಟ್ಟ ಮುಟ್ಟಲು ಎಸ್‌ಎಂ57ಕ್ಕೆ ಎಟಿ2020ಗಿಂತ 19 ಡೆಸಿಬೆಲ್, ಎನ್‌ಟಿ1-ಎಗಿಂತ 24 ಡೆಸಿಬೆಲ್ ಹೆಚ್ಚು ಗೇನ್ (ಇಂಟರ್‌ಫೇಸ್ ಮಾಡುವ ವರ್ಧನೆ) ಬೇಕು. ಇದನ್ನು ನೋಡಿ "ಡೈನಾಮಿಕ್ ಎಂದರೆ ಸುಯ್ಯೆನ್ನುತ್ತದೆ" ಎಂದು ತೀರ್ಮಾನಿಸುವುದು ಆತುರ. ಕಂಡೆನ್ಸರ್‌ನೊಳಗಿನ ಸರ್ಕ್ಯೂಟ್‌ಗೂ ತನ್ನದೇ ಸದ್ದಿದೆ: ಎಟಿ2020ರದ್ದು 20 ಡೆಸಿಬೆಲ್, ಎನ್‌ಟಿ1-ಎಯದ್ದು ಬರೀ 5. ಇನ್‌ಪುಟ್ ನಾಯ್ಸ್ (ಇಂಟರ್‌ಫೇಸ್‌ನ ಸ್ವಂತ ಸದ್ದು) -128 ಡಿಬಿಯು, ಅಂದರೆ ತೀರಾ ಕಡಿಮೆ ಇರುವ ಇಂಟರ್‌ಫೇಸ್‌ಗೆ ಎಸ್‌ಎಂ57 ಜೋಡಿಸಿ ಲೆಕ್ಕ ಹಾಕಿದರೆ ಒಟ್ಟು ಸದ್ದು ಬರುವುದೂ ಸರಿಸುಮಾರು 20 ಡೆಸಿಬೆಲ್ಲೇ. ಇಂಟರ್‌ಫೇಸ್‌ನಲ್ಲಿ ಒಳ್ಳೆಯ ಪ್ರೀಆಂಪ್ (ಮೈಕ್‌ನ ಸಂಕೇತವನ್ನು ಹಿಗ್ಗಿಸುವ ಭಾಗ) ಇದ್ದರೆ ಎಸ್‌ಎಂ57 ಮತ್ತು ಎಟಿ2020 ಈ ವಿಷಯದಲ್ಲಿ ಸಮಸಮ. ಹೀಗಿರುವಾಗ ಡೈನಾಮಿಕ್ ಮೈಕ್‌ಗೆಂದು ಮಾರುವ ಗೇನ್ ಬೂಸ್ಟರ್ ಎಲ್ಲರಿಗೂ ಬೇಕಿಲ್ಲ. ಗೇನ್ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದಾಗ ಸದ್ದು ಹಠಾತ್ತನೆ ಏರುವ ಹಳೆಯ ಇಂಟರ್‌ಫೇಸ್ ಇದ್ದವರಿಗೆ ಅದು ನೆರವಾಗುತ್ತದೆ. ಉಳಿದವರು 24 ಬಿಟ್‌ನಲ್ಲಿ, ಅತಿ ಜೋರು ಕ್ಷಣಗಳು ರೆಕಾರ್ಡಿಂಗ್ ಮೀಟರ್‌ನಲ್ಲಿ -12 ಡೆಸಿಬೆಲ್ ಆಸುಪಾಸು ನಿಲ್ಲುವಂತೆ ದಾಖಲಿಸಿದರೆ ಸಾಕು.

ಹಾಗಾದರೆ ಎನ್‌ಟಿ1-ಎಯ 5 ಡೆಸಿಬೆಲ್‌ಗೆ ಹೆಚ್ಚು ಹಣ ಕೊಡಬೇಕೇ? ಫ್ಯಾನ್, ಫ್ರಿಜ್ ಆಫ್ ಮಾಡಿದರೂ ಮನೆಯ ಕೋಣೆ ಸಾಮಾನ್ಯವಾಗಿ 30 ಡೆಸಿಬೆಲ್‌ಗಿಂತ ಕೆಳಗಿಳಿಯುವುದಿಲ್ಲ. ಮೈಕ್‌ನ ಸದ್ದು ಕೋಣೆಯ ಸದ್ದಿನಲ್ಲಿ ಮುಳುಗಿಹೋಗಬೇಕಲ್ಲ ಅನ್ನಿಸುತ್ತದೆ. ಪೂರ್ತಿ ಹಾಗಲ್ಲ. ಕೋಣೆಯ ಸದ್ದು ಬಹುಪಾಲು ತಗ್ಗು ಸ್ವರದ ಗುಂಯ್; 80 ಹರ್ಟ್ಸ್ ಕೆಳಗೆ ಕತ್ತರಿಸಿದರೆ ಅದರಲ್ಲಿ ಸಾಕಷ್ಟು ಹೋಗುತ್ತದೆ. ಮೈಕ್‌ನ ಸುಯ್ ಇರುವುದು ಮೇಲಿನ ಸ್ವರಗಳಲ್ಲಿ, ಅದು ಉಳಿದುಕೊಳ್ಳುತ್ತದೆ. ಮೆಲುದನಿಯ ಆಲಾಪ, ಬೆರಳಿನಲ್ಲಿ ಮೀಟುವ ನೈಲಾನ್ ತಂತಿಯ ಗಿಟಾರ್, ಅರ್ಧ ಮೀಟರ್ ದೂರದ ಮಂದ್ರದ ಕೊಳಲು ಇಂಥವುಗಳಲ್ಲಿ ಎಟಿ2020ಯ ಸುಯ್ ಹೆಡ್‌ಫೋನ್‌ನಲ್ಲಿ ಸ್ಪಷ್ಟವಾಗಿ ಕೇಳುತ್ತದೆ, ಎನ್‌ಟಿ1-ಎಯಲ್ಲಿ ಕೇಳುವುದಿಲ್ಲ. ತುಂಬು ಕಂಠದಲ್ಲಿ 15 ಸೆಂಟಿಮೀಟರ್‌ನಿಂದ ಹಾಡುವವರಿಗೆ ಈ ಅನುಕೂಲ ಇದ್ದೂ ಇಲ್ಲದಂತೆ.

ಇನ್ನು "ಡೈನಾಮಿಕ್ ಮೈಕ್ ಕೋಣೆಯ ಪ್ರತಿಧ್ವನಿಯನ್ನು ಹಿಡಿಯುವುದಿಲ್ಲ" ಎಂಬ ನಂಬಿಕೆ. ಎಸ್‌ಎಂ57 ಮತ್ತು ಎಟಿ2020 ಎರಡನ್ನೂ 30 ಸೆಂಟಿಮೀಟರ್ ದೂರದಲ್ಲಿಟ್ಟು ಮಟ್ಟ ಸರಿದೂಗಿಸಿ ಕೇಳಿ: ಕೋಣೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿರುತ್ತದೆ. ಎಸ್‌ಎಂ57ರಲ್ಲಿ ಕಡಿಮೆ ಅನ್ನಿಸಲು ಕಾರಣಗಳು ಎರಡು. ಜನ ಅದನ್ನು ಬಾಯಿಗೆ ಹತ್ತಿರ ಹಿಡಿದು ಹಾಡುತ್ತಾರೆ. ದೂರ ಅರ್ಧವಾದರೆ ನೇರ ಧ್ವನಿ 6 ಡೆಸಿಬೆಲ್ ಏರುತ್ತದೆ, ಪ್ರತಿಧ್ವನಿ ಇದ್ದಷ್ಟೇ ಇರುತ್ತದೆ. ಎರಡನೆಯದಾಗಿ, 15,000 ಹರ್ಟ್ಸ್ ಮೇಲೆ ಅದು ಹೆಚ್ಚೇನೂ ಹಿಡಿಯದ ಕಾರಣ ಬರಿಗೋಡೆಯ ಚುರುಕು ಪ್ರತಿಧ್ವನಿ ಮಂಕಾಗುತ್ತದೆ. ಕೋಣೆ ಮೊಳಗುತ್ತಿದ್ದರೆ ಮೈಕ್ ಬದಲಿಸುವ ಮೊದಲು ಹಾಡುವವರ ಬೆನ್ನ ಹಿಂದೆ ದಪ್ಪ ರಜಾಯಿ ತೂಗುಹಾಕಿ. ಮೈಕ್‌ನ ಮುಖ ಇರುವುದು ಆ ಕಡೆಗೇ, ಅದಕ್ಕೆ ಕೇಳಿಸುವ ಗೋಡೆಯೂ ಅದೇ. ಮೈಕ್ ಹಿಂದೆ ಸಣ್ಣ ಫೋಮ್ ಗೂಡು ಕಟ್ಟುವುದರಿಂದ ಸಿಗುವ ಲಾಭ ಇದಕ್ಕಿಂತ ಕಡಿಮೆ.

ಹಾಡುಗಾರಿಕೆಯಲ್ಲಿ ಮೂರರ ಗುಣವೂ ಬೇರೆ ಬೇರೆ. ಎನ್‌ಟಿ1-ಎ ಮೇಲಿನ ಸ್ವರಗಳನ್ನು ಎತ್ತಿ ಕೊಡುತ್ತದೆ. ಮಂದವಾದ, ಎದೆಯಿಂದ ಬರುವ ಕಂಠಕ್ಕೆ ಇದರಿಂದ ಹೊಳಪು ಬರುತ್ತದೆ, ಆದರೆ ಸ, ಶ ಚೂಪಾಗಿರುವ ಕಂಠದಲ್ಲಿ ಪ್ರತಿ ಸಕಾರವೂ ಚುಚ್ಚುತ್ತದೆ. ಎಟಿ2020 ಅದಕ್ಕಿಂತ ಸಮತೋಲದ್ದು. ಎಸ್‌ಎಂ57ರ ಉಬ್ಬು 5ರಿಂದ 6 ಸಾವಿರ ಹರ್ಟ್ಸ್ ಸುತ್ತ. ಅಕ್ಷರಗಳು ಎದ್ದು ಕೇಳುತ್ತವೆ, ಅದರ ಮೇಲಿನ ಗಾಳಿಯಂಥ ಹಗುರ ಇರುವುದಿಲ್ಲ. ಕಂಡೆನ್ಸರ್‌ಗೆ 15ರಿಂದ 20 ಸೆಂಟಿಮೀಟರ್ ದೂರ, ನಡುವೆ ಪಾಪ್ ಫಿಲ್ಟರ್. ಸಕಾರ ಚುಚ್ಚಿದರೆ ಮೈಕನ್ನು ಬಾಯಿಗಿಂತ ತುಸು ಮೇಲಿಟ್ಟು ಮೂಗಿನತ್ತ ಬಾಗಿಸಿ, ಇಲ್ಲವೇ 20 ಡಿಗ್ರಿಯಷ್ಟು ಪಕ್ಕಕ್ಕೆ ತಿರುಗಿಸಿ. ಎಸ್‌ಎಂ57ರಲ್ಲಿ 5ರಿಂದ 10 ಸೆಂಟಿಮೀಟರ್‌ಗೆ ಬಂದಾಗ ತಗ್ಗು ಸ್ವರ ಉಬ್ಬುತ್ತದೆ. 150–200 ಹರ್ಟ್ಸ್ ಸುತ್ತ 3 ಡೆಸಿಬೆಲ್ ಇಳಿಸಿದರೆ ಸರಿಹೋಗುತ್ತದೆ. ಅದರ ಜಾಲರಿಯೊಳಗೆ ಗಾಳಿ ತಡೆಯಲು ಜಾಗವೇ ಇಲ್ಲ, ಪ, ಭಗಳು ಧಡ್ ಎನ್ನುತ್ತವೆ. ಹಾಡಿಗೆ ಬಳಸುವುದಾದರೆ ಫೋಮ್ ಟೋಪಿ ಕಡ್ಡಾಯ.

ಅಕೌಸ್ಟಿಕ್ ಗಿಟಾರ್‌ನಲ್ಲಿ ಎಟಿ2020 ನನ್ನ ಕಿವಿಗೆ ಎಲ್ಲಕ್ಕಿಂತ ಹಿತ. 12ನೇ ಫ್ರೆಟ್ ಎದುರು 25–30 ಸೆಂಟಿಮೀಟರ್ ದೂರದಲ್ಲಿಟ್ಟು, ಮುಖವನ್ನು ಸ್ವಲ್ಪವೇ ಸೌಂಡ್ ಹೋಲ್ ಕಡೆ ವಾಲಿಸಿ. ನೇರ ಹೋಲ್ ಎದುರಿಟ್ಟರೆ 100 ಹರ್ಟ್ಸ್ ಸುತ್ತ ಗುಮ್ಮೆನ್ನುತ್ತದೆ, ಆಮೇಲೆ ಈಕ್ಯೂನಿಂದ (ತಗ್ಗು, ಮೇಲಿನ ಸ್ವರಗಳನ್ನು ಏರಿಸಿ ಇಳಿಸುವ ಸಾಧನದಿಂದ) ಅದನ್ನು ತೆಗೆಯುವುದು ಕಷ್ಟ. ಕೊಳಲಿಗೆ ಯಾವ ಮೈಕ್ ಆದರೂ ಉಸಿರಿನ ದಾರಿಗೆ ಅಡ್ಡ ಬರಬಾರದು: 30–40 ಸೆಂಟಿಮೀಟರ್ ಮೇಲಿನಿಂದ, ಊದುವ ರಂಧ್ರಕ್ಕೂ ಬೆರಳಿನ ರಂಧ್ರಗಳಿಗೂ ನಡುವೆ ಗುರಿಯಿಡಿ. ಹಾರ್ಮೋನಿಯಂನಲ್ಲಿ ಕಂಡೆನ್ಸರ್‌ಗಳು ರೀಡ್‌ನಷ್ಟೇ ನಿಷ್ಠೆಯಿಂದ ಕೀಗಳ ಟಕಟಕ, ತಿದಿಯ ಉಸಿರು ಎರಡನ್ನೂ ಹಿಡಿಯುತ್ತವೆ. ಎಸ್‌ಎಂ57 ಇಲ್ಲಿ ಮುಂದೆ. ತಬಲಕ್ಕೆ ಒಂದೇ ಮೈಕ್ ಎಂದರೆ ಬಲ, ಎಡಗಳ ನಡುವೆ 40–50 ಸೆಂಟಿಮೀಟರ್ ಎತ್ತರ. ಎಟಿ2020 144 ಡೆಸಿಬೆಲ್‌ವರೆಗೆ, ಎನ್‌ಟಿ1-ಎ 137ರವರೆಗೆ ತಡೆಯುತ್ತದೆ, ಹಾಗಾಗಿ ಪೆಟ್ಟು ಒಡೆದು ಕೇಳಿದರೆ ಒಡೆದದ್ದು ಮೈಕ್ ಅಲ್ಲ, ಇಂಟರ್‌ಫೇಸ್‌ನ ಇನ್‌ಪುಟ್. ಗೇನ್ ಪೂರ್ತಿ ಇಳಿಸಿದ ಮೇಲೂ ಕೆಂಪು ದೀಪ ಉರಿದರೆ ಇಂಟರ್‌ಫೇಸ್‌ನ ಪ್ಯಾಡ್ (ಮಟ್ಟ ತಗ್ಗಿಸುವ ಗುಂಡಿ) ಒತ್ತಿ, ಅದಿಲ್ಲದಿದ್ದರೆ ಮೈಕನ್ನು ಎರಡರಷ್ಟು ದೂರ ಸರಿಸಿ. ಗಿಟಾರ್ ಆಂಪ್‌ಗಂತೂ ಪೈಪೋಟಿಯೇ ಇಲ್ಲ: ಎಸ್‌ಎಂ57, ಸ್ಪೀಕರ್ ಮುಂದಿನ ಬಟ್ಟೆಯಿಂದ 2–3 ಸೆಂಟಿಮೀಟರ್, ಸ್ಪೀಕರ್‌ನ ನಡುವಿಗೂ ಅಂಚಿಗೂ ಮಧ್ಯೆ. ನಡುವಿನತ್ತ ಸರಿದಷ್ಟೂ ಚುರುಕು, ಅಂಚಿನತ್ತ ಸರಿದಷ್ಟೂ ಮೃದು.

ಒಂದನ್ನೇ ಆರಿಸಬೇಕೆಂದರೆ: ಹಾಡು ಮತ್ತು ಅಕೌಸ್ಟಿಕ್ ವಾದ್ಯ ಎರಡೂ ಇರುವವರಿಗೆ ಎಟಿ2020. ಜೋರು ಕಂಠ, ಆಂಪ್, ತಾಳವಾದ್ಯ ಹೆಚ್ಚಿದ್ದರೆ, ಅಥವಾ ಮೈಕ್ ಆಗಾಗ ಕೈಜಾರಿ ಬೀಳುವ ಸಂಭವವಿದ್ದರೆ ಎಸ್‌ಎಂ57. ಎನ್‌ಟಿ1-ಎ ಮೆಲುದನಿಯವರಿಗೆ, ಅದೂ ಕೋಣೆ ನಿಜಕ್ಕೂ ನಿಶ್ಶಬ್ದವಾಗಿದ್ದರೆ.

ಕಂಡೆನ್ಸರ್ ಹೊಸದಾಗಿ ತಂದವರು "ಧ್ವನಿ ಮಂಕು, ದೂರದಲ್ಲಿದ್ದಂತಿದೆ" ಎಂದು ದೂರುವುದುಂಟು. ಹೆಚ್ಚಿನ ಸಲ ಅವರು ಹಾಡಿರುವುದು ತುದಿಗೆ ಅಥವಾ ಬೆನ್ನಿಗೆ. ಈ ಎರಡು ಕಂಡೆನ್ಸರ್‌ಗಳಿಗೂ ಪಕ್ಕದಿಂದ ಹಾಡಬೇಕು: ಎನ್‌ಟಿ1-ಎಯಲ್ಲಿ ಚಿನ್ನದ ಚುಕ್ಕೆ ಇರುವ ಬದಿ, ಎಟಿ2020ರಲ್ಲಿ ಕಂಪನಿಯ ಗುರುತಿರುವ ಬದಿ. ಎಸ್‌ಎಂ57ಕ್ಕೆ ತುದಿಯೇ ಮುಖ. ಕೇಬಲ್ ಸಿಕ್ಕಿಸಿದ ಮೇಲೆ ಫ್ಯಾಂಟಮ್ ಹಾಕಿ, ಕೀಳುವ ಮೊದಲು ಆರಿಸಿ. ಎರಡೂ ಸಲ ಹೆಡ್‌ಫೋನ್ ಶಬ್ದ ತಗ್ಗಿಸಿರಿ. ತೇವದ ದಿನಗಳಲ್ಲಿ ಕಂಡೆನ್ಸರ್ ಚಿಟಪಟ ಎಂದರೆ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟು ನೋಡಿ. ಸೆಕೆಂಡ್ ಹ್ಯಾಂಡ್ ಎಸ್‌ಎಂ57 ಕೊಳ್ಳುವವರು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿಯೇ ಹಣ ಕೊಡಿ: ಅಸಲಿಯದ್ದು 284 ಗ್ರಾಂ, ಈ ಮಾದರಿಯ ನಕಲುಗಳು ಬಹಳ ಓಡಾಡುತ್ತವೆ, ಅವುಗಳಲ್ಲಿ ಹಲವು ಹಗುರ.